ಶಾರ್ಟಿಯದ ವಿಳಾಸ

ಪ್ಯಾರಿಸ್ಸಿನ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿ ಒಂದು ಹಾಳೆಯಿದೆ. ಅದರ ಮೇಲೆ ಅಂಟಿಸಿಟ್ಟ ಗಿಡ ಇನ್ನೂರು ವರ್ಷಕ್ಕೂ ಹಳೆಯದು. ಒಣಗಿ ಕಂದು ಬಣ್ಣಕ್ಕೆ ತಿರುಗಿದ ದುಂಡೆಲೆಗಳು, ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳು, ತೆಳ್ಳನೆಯ ದಂಟಿನ ತುದಿಗೆ ಕಾಯಿ. ಹೂವಿಲ್ಲ. ಜೊತೆಗಿರುವ ಚೀಟಿಯಲ್ಲಿ ಫ್ರೆಂಚಿನಲ್ಲಿ ಕೆರೊಲಿನಾದ ಎತ್ತರದ ಬೆಟ್ಟಗಳು ಎಂದೂ, ಲ್ಯಾಟಿನ್ನಿನಲ್ಲಿ ಇದು ಪೈರೋಲ ಜಾತಿಯದೋ ಅಥವಾ ಹೊಸ ಕುಲವೇ ಇರಬಹುದೋ ಎಂದೂ ಬರೆದಿದೆ. ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಬರೆದವನು ಆಂದ್ರೆ ಮಿಷೋ. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ, ತನ್ನ ದೇಶದ ಕಾಡುಗಳಲ್ಲಿ ನೆಡಬಹುದಾದ ಮರಗಿಡಗಳನ್ನು ಹುಡುಕಿ ಕಳಿಸಲು 1785ರಲ್ಲಿ ಅಮೆರಿಕಕ್ಕೆ ಅಟ್ಟಿದ ಸಸ್ಯವಿಜ್ಞಾನಿ. ಮಿಷೋ ಹನ್ನೊಂದು ವರ್ಷ ಅಲ್ಲಿ ಅಲೆದ. ಅಷ್ಟರಲ್ಲಿ ಅವನನ್ನು ಕಳಿಸಿದ ದೊರೆಯ ತಲೆ ಹೋಯಿತು, ಸಂಬಳ ನಿಂತಿತು. 1796ರಲ್ಲಿ ವಾಪಸು ಹೊರಟ ಹಡಗು ಹಾಲೆಂಡಿನ ಕರಾವಳಿಯಲ್ಲಿ ಒಡೆದು, ನೆನೆದ ಗಿಡದ ಕಟ್ಟುಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿಕೊಳ್ಳಬೇಕಾಯಿತು. 1802ರಲ್ಲಿ ಮಡಗಾಸ್ಕರಿನಲ್ಲಿ ಅವನು ತೀರಿಕೊಂಡ. ಉತ್ತರ ಅಮೆರಿಕದ ಸಸ್ಯಗಳ ಮೇಲಿನ ಅವನ ದೊಡ್ಡ ಗ್ರಂಥ ಹೊರಬಂದದ್ದು ಮರುವರ್ಷ, 1803ರಲ್ಲಿ. ಅದರಲ್ಲಿ ಈ ದುಂಡೆಲೆಯ ಗಿಡ ಇಲ್ಲ.

ಯಾಕೆ ಇಲ್ಲ ಎಂಬುದು ಆ ಕಾಲದ ವರ್ಗೀಕರಣದ ರೀತಿ ಗೊತ್ತಿದ್ದರೆ ಅರ್ಥವಾಗುತ್ತದೆ. ಲಿನೇಯಸ್ ಕಟ್ಟಿಕೊಟ್ಟ ವ್ಯವಸ್ಥೆಯಲ್ಲಿ ಗಿಡದ ಜಾಗ ನಿರ್ಧಾರವಾಗುತ್ತಿದ್ದದ್ದು ಹೂವಿನೊಳಗಿನ ಲೆಕ್ಕದಿಂದ: ಕೇಸರಗಳು ಎಷ್ಟು, ಶಲಾಕೆಗಳು ಎಷ್ಟು. ಐದು ಕೇಸರವಿದ್ದರೆ ಒಂದು ಮನೆ, ಹತ್ತಿದ್ದರೆ ಇನ್ನೊಂದು ಮನೆ. ಎಲೆ ಎಷ್ಟೇ ವಿಶಿಷ್ಟವಾಗಿರಲಿ, ಕಾಯಿ ಏನೇ ಹೇಳಲಿ, ಹೂವಿಲ್ಲದ ಗಿಡ ಬಾಗಿಲಲ್ಲೇ ನಿಲ್ಲಬೇಕು. ನೂರಾರು ಹೊಸ ಗಿಡಗಳಿಗೆ ಜಾಗ ಸಿಕ್ಕಿದ ಪುಸ್ತಕದಲ್ಲಿ ಇದಕ್ಕೆ ಸಿಗಲಿಲ್ಲ. ಗುರುತು ಹತ್ತದ ಗಿಡಗಳ ಕಟ್ಟಿನಲ್ಲಿ ಸೇರಿ ಅಲ್ಲೇ ಉಳಿಯಿತು.

ಆ ಕಟ್ಟನ್ನು ಬಿಚ್ಚಿದವನು ಆಸಾ ಗ್ರೇ. 1839ರ ವಸಂತ. ಆಗ ಅವನಿಗೆ 28 ವರ್ಷ. ಆಗತಾನೇ ಹುಟ್ಟುತ್ತಿದ್ದ ಮಿಷಿಗನ್ ವಿಶ್ವವಿದ್ಯಾಲಯ ಅವನನ್ನು ಪ್ರಾಧ್ಯಾಪಕನೆಂದು ನೇಮಿಸಿ, ಪಾಠ ಹೇಳಲು ಇನ್ನೂ ಕಟ್ಟಡವೇ ಇಲ್ಲದ್ದರಿಂದ, ಪುಸ್ತಕ ಕೊಂಡು ತಾ ಎಂದು ಯುರೋಪಿಗೆ ಕಳಿಸಿತ್ತು. ಗ್ರೇ ಪುಸ್ತಕವನ್ನೂ ಕೊಂಡ. ಆದರೆ ಅವನ ಮನಸ್ಸೆಲ್ಲ ಹರ್ಬೇರಿಯಂಗಳ ಮೇಲೆ. ಗುರು ಜಾನ್ ಟೋರಿಯ ಜೊತೆ ಸೇರಿ ಅವನು ಉತ್ತರ ಅಮೆರಿಕದ ಸಸ್ಯಗಳ ಗ್ರಂಥವೊಂದನ್ನು ಬರೆಯುತ್ತಿದ್ದ. ತನ್ನ ಊರಿನ ಬೇಲಿಯಲ್ಲಿ ಬೆಳೆಯುವ ಗಿಡದ ಸರಿಯಾದ ಹೆಸರು ಯಾವುದೆಂದು ಖಚಿತಪಡಿಸಿಕೊಳ್ಳಲು ಅಮೆರಿಕನ್ನನೊಬ್ಬ ಲಂಡನ್ನಿಗೂ ಪ್ಯಾರಿಸ್ಸಿಗೂ ಹೋಗಬೇಕಿದ್ದ ಕಾಲ ಅದು. ಹೆಸರಿಗೆ ಆಧಾರವಾದ ಮೂಲ ಮಾದರಿಗಳೆಲ್ಲ ಅಲ್ಲಿದ್ದವು. ನಮಗೆ ಇದು ಹೊಸ ಸಂಗತಿಯೇನಲ್ಲ. ನಮ್ಮ ಘಟ್ಟದ ಎಷ್ಟೋ ಗಿಡಗಳ ಮೂಲ ಮಾದರಿಗಳು ಈಗಲೂ ಇಂಗ್ಲೆಂಡಿನ ಕ್ಯೂ ಉದ್ಯಾನದ ಕಪಾಟುಗಳಲ್ಲಿವೆ.

ಗ್ರೇ ಆ ಹಾಳೆ ನೋಡಿ ಬೆರಗಾದ. ಇದು ಪೈರೋಲ ಅಲ್ಲ, ಹೊಸ ಕುಲವೇ ಎಂದು ಅವನಿಗೆ ಕಾಯಿಯ ರಚನೆಯಿಂದಲೇ ಅನ್ನಿಸಿತು. ಅವನೂ ಟೋರಿಯೂ ಲಿನೇಯಸ್‌ನ ಲೆಕ್ಕಾಚಾರ ಬಿಟ್ಟು, ಗಿಡದ ಎಲ್ಲ ಅಂಗಗಳ ಹೋಲಿಕೆಯಿಂದ ನಂಟು ಹುಡುಕುವ ಸಹಜ ವರ್ಗೀಕರಣದ ಪಕ್ಷದವರು. ಅವರ ಪದ್ಧತಿಯಲ್ಲಿ ಹೂವಿಲ್ಲದಿದ್ದರೂ ಮಾತು ಮುಂದುವರಿಸಬಹುದಿತ್ತು. ಕೂಡಲೇ ಟೋರಿಗೆ ಕಾಗದ ಬರೆದ. 1842ರಲ್ಲಿ ಇಬ್ಬರ ಹೆಸರಿನಲ್ಲಿ ಗಿಡಕ್ಕೆ ನಾಮಕರಣವಾಯಿತು: ಶಾರ್ಟಿಯ ಗೆಲಾಸಿಫೋಲಿಯ. ಎರಡನೆಯ ಪದದ ಅರ್ಥ, ಗೇಲಾಕ್ಸ್ ಎಂಬ ಗಿಡದಂಥ ಎಲೆಯುಳ್ಳದ್ದು. ಮೊದಲನೆಯದು ಕೆಂಟಕಿಯ ವೈದ್ಯ ಮತ್ತು ಸಸ್ಯವಿಜ್ಞಾನಿ ಚಾರ್ಲ್ಸ್ ವಿಲ್ಕಿನ್ಸ್ ಶಾರ್ಟ್‌ನ ಗೌರವಾರ್ಥ. ಒಳ್ಳೆಯ ಮಾದರಿಗಳನ್ನು ಅಚ್ಚುಕಟ್ಟಾಗಿ ಒಣಗಿಸಿ ಹಲವರಿಗೆ ಹಂಚುತ್ತಿದ್ದ ಉದಾರಿ ಎಂದು ಆತನಿಗೆ ಹೆಸರಿತ್ತು. ಆತ 1863ರಲ್ಲಿ ತೀರಿಕೊಂಡಾಗ, ತನ್ನ ಹೆಸರಿನ ಗಿಡವನ್ನು ಜೀವಂತವಾಗಿ ನೋಡಿರಲಿಲ್ಲ. ಆತನಷ್ಟೇ ಏನು, ಹೆಸರಿಟ್ಟವರೂ ನೋಡಿರಲಿಲ್ಲ.

ನಾನು ನೋಡಿದ್ದೇನೆ. ಇದು ಹೆಚ್ಚುಗಾರಿಕೆಯ ಮಾತಲ್ಲ. ಈಗ ನೋಡುವುದು ಬಹಳ ಸುಲಭ. ಕೆಲಸದ ನಿಮಿತ್ತ ಉತ್ತರ ಕೆರೊಲಿನಾದ ಷಾರ್ಲಟ್ ನಗರದಲ್ಲಿದ್ದ ವರ್ಷಗಳಲ್ಲಿ, ಒಂದು ಮಾರ್ಚ್ ತಿಂಗಳ ಶನಿವಾರ, ಮೂರು ಗಂಟೆ ಕಾರು ಓಡಿಸಿ ದಕ್ಷಿಣ ಕೆರೊಲಿನಾದ ಜೊಕಾಸಿ ಸರೋವರದ ದಡದ ಡೆವಿಲ್ಸ್ ಫೋರ್ಕ್ ಉದ್ಯಾನಕ್ಕೆ ಹೋಗಿದ್ದೆ. ಅಲ್ಲಿ ಈ ಹೂವಿನ ಹೆಸರಿನದೇ ಒಂದು ಕಾಲುದಾರಿಯಿದೆ. ಜನ ಇದನ್ನು ಒಕೋನಿ ಬೆಲ್ಸ್ ಎನ್ನುತ್ತಾರೆ. ಒಕೋನಿ ಆ ಜಿಲ್ಲೆಯ ಹೆಸರು, ಬೆಲ್ಸ್ ಎಂದಿದ್ದು ಹೂವಿನ ಆಕಾರಕ್ಕೆ.

ಗಿಡ ಗೇಣೆತ್ತರಕ್ಕಿಂತ ಮೇಲೇಳುವುದಿಲ್ಲ. ಕಾಂಡ ಎನ್ನುವಂಥದ್ದು ನೆಲದ ಮೇಲೆ ಕಾಣುವುದಿಲ್ಲ. ಉದ್ದ ತೊಟ್ಟಿನ ಎಲೆಗಳು ನೇರ ನೆಲದಿಂದೆದ್ದು ಬಂದಂತಿರುತ್ತವೆ. ಎಲೆ ದುಂಡಗೆ, ದಪ್ಪ, ಎಣ್ಣೆ ಸವರಿದಂತೆ ಹೊಳೆಯುತ್ತದೆ. ಚಳಿಗಾಲದಲ್ಲಿ ಉದುರುವುದಿಲ್ಲ, ತಾಮ್ರಗೆಂಪಾಗುತ್ತದೆ. ನಾನು ನೋಡಿದಾಗ ಕೆಂಪು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಒಂದು ದಂಟಿಗೆ ಒಂದೇ ಹೂ, ತಲೆ ತಗ್ಗಿಸಿದ ಪುಟ್ಟ ಗಂಟೆ. ಬಿಳಿ, ಕೆಲವೆಡೆ ನಸುಗುಲಾಬಿ. ಐದು ದಳಗಳ ಅಂಚು ಯಾರೋ ಸಣ್ಣ ಕತ್ತರಿಯಲ್ಲಿ ಕಚ್ಚು ಮಾಡಿದ ಹಾಗೆ. ಒಳಗೆ ಐದು ಕೇಸರ, ಜೊತೆಗೆ ಪರಾಗವಿಲ್ಲದ ಐದು ಬಂಜೆ ಕೇಸರ. ಅಂಡಾಶಯದಲ್ಲಿ ಮೂರು ಕೋಣೆ. ತೊರೆಯ ಪಕ್ಕದ ಒದ್ದೆ ಇಳಿಜಾರಿನಲ್ಲಿ, ರೋಡೊಡೆಂಡ್ರಾನ್ ಪೊದೆಗಳ ನೆರಳಲ್ಲಿ, ಹುಳಿ ಮಣ್ಣಿನಲ್ಲಿ ಚಾಪೆಯಂತೆ ಹರಡುತ್ತದೆ. ಮಾರ್ಚಿನ ಮಧ್ಯದಿಂದ ಕೆಲವೇ ವಾರ ಹೂ. ಮರಗಳು ಚಿಗುರುವ ಮುಂಚೆ ಮುಗಿದುಹೋಗುತ್ತದೆ.

ಈ ವಿವರದಲ್ಲಿ ಎರಡು ಮಾತು ಗಮನಿಸಬೇಕು. ಒಂದು, ಹೂ ಬಿಡುವುದು ಬೆಟ್ಟದ ದಾರಿಗಳು ಇನ್ನೂ ಕೆಸರು, ಚಳಿ ಇರುವಾಗ. ಸಸ್ಯ ಹುಡುಕುವವರು ಮನೆಯಿಂದ ಹೊರಡುವ ಮುಂಚೆ. ಎರಡು, ಇದು ಎತ್ತರದ ಬೆಟ್ಟದ ಗಿಡವೇ ಅಲ್ಲ. ಬೆಟ್ಟದ ಬುಡದ ಕಣಿವೆಗಳದ್ದು. ಮಿಷೋನ ಚೀಟಿ ಹೇಳಿದ್ದು ಬೇರೆ.

ಗ್ರೇ ಚೀಟಿಯನ್ನು ನಂಬಿದ. 1841ರ ಬೇಸಿಗೆಯಲ್ಲಿ ಇಬ್ಬರು ಗೆಳೆಯರೊಂದಿಗೆ ಉತ್ತರ ಕೆರೊಲಿನಾದ ಬೆಟ್ಟಗಳನ್ನು ಹತ್ತಿದ. ಗ್ರ್ಯಾಂಡ್‌ಫಾದರ್ ಬೆಟ್ಟ, ರೋನ್ ಬೆಟ್ಟ, ಎಲ್ಲ ನೆತ್ತಿಗಳೂ ಆದವು. ಬೇರೆ ನೂರು ಗಿಡ ಸಿಕ್ಕವು, ಶಾರ್ಟಿಯ ಸಿಗಲಿಲ್ಲ. 1843ರಲ್ಲಿ ಒಹಾಯೋದ ಸಲಿವಂಟ್ ಜೊತೆ ಮತ್ತೆ ಹೋದ. ಸಿಗಲಿಲ್ಲ. ಆ ಹೊತ್ತಿಗೆ ಅವನು ಹಾರ್ವರ್ಡಿನ ಪ್ರಾಧ್ಯಾಪಕ, ಕ್ರಮೇಣ ಅಮೆರಿಕದ ಸಸ್ಯಶಾಸ್ತ್ರದ ಹಿರಿಯ. ದಕ್ಷಿಣದ ಬೆಟ್ಟಗಳಿಗೆ ಯಾರೇ ಹೋದರೂ ಶಾರ್ಟಿಯ ಸಿಕ್ಕಿತೇ ಎಂದು ಕೇಳುವುದು ಅಲ್ಲಿನ ಸಸ್ಯಪ್ರಿಯರ ನಡುವೆ ರೂಢಿಯಾಯಿತು, ಆಮೇಲೆ ತಮಾಷೆಯಾಯಿತು. ಅಂಥದೊಂದು ಗಿಡವೇ ಇಲ್ಲ ಎನ್ನುವವರೂ ಹುಟ್ಟಿಕೊಂಡರು.

ಇಲ್ಲಿ ಒಂದು ತಾರೀಖಿನ ಬಗ್ಗೆ ಹೇಳಬೇಕು. ಶಾರ್ಟಿಯದ ಕತೆ ಬರೆದವರು ಇದನ್ನು ಸಾಮಾನ್ಯವಾಗಿ ಜೋಡಿಸಿ ನೋಡುವುದಿಲ್ಲ. ಗ್ರೇ ಪ್ಯಾರಿಸ್ಸಿನಲ್ಲಿ ಕಟ್ಟು ಬಿಚ್ಚಿದ್ದು 1839ರ ವಸಂತದಲ್ಲಿ ಎಂದೆನಲ್ಲ, ಅದರ ಹಿಂದಿನ ಚಳಿಗಾಲದಲ್ಲೇ ಅಮೆರಿಕದ ಸರ್ಕಾರ ಚೆರೊಕೀ ಜನರನ್ನು ದಕ್ಷಿಣದ ಬೆಟ್ಟಸೀಮೆಯಿಂದ ಒಕ್ಕಲೆಬ್ಬಿಸಿ ಮಿಸಿಸಿಪ್ಪಿಯಾಚೆಗೆ ಅಟ್ಟಿದ್ದು. ಸುಮಾರು 16,000 ಮಂದಿ. ದಾರಿಯಲ್ಲೂ ಶಿಬಿರಗಳಲ್ಲೂ ಸುಮಾರು 4,000 ಮಂದಿ ಸತ್ತರೆಂಬ ಅಂದಾಜು ಬಹಳ ಕಾಲದಿಂದ ಬಳಕೆಯಲ್ಲಿದೆ. ಕೊನೆಯ ತಂಡಗಳು ಈಗಿನ ಒಕ್ಲಹೋಮ ತಲುಪಿದ್ದು 1839ರ ಮಾರ್ಚಿನಲ್ಲಿ. ಆ ಗಿಡ ಬೆಳೆಯುವ ಕಣಿವೆಗಳನ್ನು ತಲೆಮಾರುಗಳಿಂದ ಬಲ್ಲವರು ಅತ್ತ ತಲುಪಿದ ಕೆಲವೇ ವಾರಗಳಲ್ಲಿ ಇತ್ತ ಪ್ಯಾರಿಸ್ಸಿನಲ್ಲಿ ಅದು ಯಾರೂ ಅರಿಯದ ಗಿಡವೆಂದು ಹೊರಬಿತ್ತು. ಒಂದರಿಂದ ಇನ್ನೊಂದು ಆಯಿತೆಂದು ನಾನು ಹೇಳುತ್ತಿಲ್ಲ. ಗ್ರೇ ಯಾರನ್ನೂ ಅಟ್ಟಲಿಲ್ಲ. ಆದರೆ ಮಿಷೋ ಆ ಗಿಡವನ್ನು ಕಂಡದ್ದು ಯಾರ ಜೊತೆಯಲ್ಲಿ, ಯಾರ ಊರಿನಲ್ಲಿ ಎಂಬುದು ಗೊತ್ತಿದ್ದರೆ ಈ ಎರಡು ತಾರೀಖುಗಳನ್ನು ದೂರ ದೂರ ಇಡುವುದು ಕಷ್ಟ.

ಮಿಷೋನ ದಿನಚರಿ ಉಳಿದಿದೆ. ಮಗ ಅದನ್ನು 1824ರಲ್ಲಿ ಫಿಲಡೆಲ್ಫಿಯದ ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಗೆ ಕೊಟ್ಟ, ಅಚ್ಚಾದದ್ದು 1889ರಲ್ಲಿ. ಮಿಷೋ ಕಿಯೋವೀ ನದಿಯ ತಲೆಯ ಕಡೆಗೆ 1787ರ ಜೂನಿನಲ್ಲೊಮ್ಮೆ, 1788ರ ಡಿಸೆಂಬರಿನಲ್ಲೊಮ್ಮೆ ಹೋದ. ಎರಡೂ ಹೂವಿನ ಕಾಲವಲ್ಲ. ಡಿಸೆಂಬರಿನ ಪಯಣ ಚಳಿ, ಮಳೆ, ಹಸಿವಿನದು. ದಾರಿ ತೋರುತ್ತಿದ್ದವರು ಚೆರೊಕೀಗಳು. ಡಿಸೆಂಬರ್ 8ರಂದು ಹಲ್ಲಂಚಿನ ಎಲೆಯ ಹೊಸ ಕುರುಚಲು ಗಿಡವೊಂದನ್ನು ಕಂಡೆನೆಂದು ಬರೆದಿದ್ದಾನೆ. ಮೂರು ದಿನ ಬಿಟ್ಟು ಮತ್ತೆ ಅಲ್ಲಿಗೇ ಬಂದು ಸಾಕಷ್ಟು ಕಿತ್ತುಕೊಂಡಿದ್ದಾನೆ. ಬೇರೆ ಯಾವ ಬೆಟ್ಟದಲ್ಲೂ ಇದನ್ನು ಕಾಣಲಿಲ್ಲ ಎಂದು ಸೇರಿಸಿದ್ದಾನೆ. ಎಲೆ ಅಗಿದರೆ ರುಚಿ, ಉಜ್ಜಿದರೆ ಒಳ್ಳೆಯ ವಾಸನೆ ಎಂದು ಅಲ್ಲಿಯ ಜನ ಹೇಳಿದರಂತೆ. ಅವನೂ ಪರೀಕ್ಷಿಸಿ ಹೌದೆಂದಿದ್ದಾನೆ. ಈ ರುಚಿ ವಾಸನೆಯ ಮಾತು ಶಾರ್ಟಿಯಕ್ಕಿಂತ ಅಲ್ಲೇ ಬೆಳೆಯುವ ವಿಂಟರ್‌ಗ್ರೀನ್‌ಗೆ ಹೆಚ್ಚು ಹೊಂದುತ್ತದೆ ಎಂದು ವಾದಿಸುವವರಿದ್ದಾರೆ. ಎರಡು ಗಿಡ ಅವನ ಬರಹದಲ್ಲಿ ಕಲೆತುಹೋಗಿರಲೂಬಹುದು. ಉದ್ಯಾನದಲ್ಲಿ ಎಲೆ ಕಿತ್ತು ಅಗಿದು ನೋಡುವ ಹಾಗಿಲ್ಲವಾದ್ದರಿಂದ ಈ ವಾದದಲ್ಲಿ ನನಗೆ ಪಾಲಿಲ್ಲ.

ಆಮೇಲೆ ಅವನು ಒಂದು ಅಪರೂಪದ ಕೆಲಸ ಮಾಡುತ್ತಾನೆ. ಮುಂದೆ ಬರುವವರಿಗೆ ದಾರಿ ಬರೆದಿಡುತ್ತಾನೆ. ಎತ್ತರದಿಂದ ಧುಮುಕಿ ಬರುವ ಎರಡು ತೊರೆಗಳು ಕೂಡುವಲ್ಲಿ ಕಿಯೋವೀ ಹುಟ್ಟುತ್ತದೆ. ಕೂಡುವ ಜಾಗ ಒಂದು ಸಣ್ಣ ಬಯಲು. ಅಲ್ಲಿ ಹಿಂದೆ ಚೆರೊಕೀ ಊರಿತ್ತು. ನದಿಯನ್ನು ಎಡಕ್ಕಿಟ್ಟುಕೊಂಡು ಇಳಿದರೆ ಇನ್ನೂರು ಅಡಿಯಷ್ಟು ದೂರದಲ್ಲಿ ಚೆರೊಕೀ ಬೇಟೆಗಾರರು ತುಳಿದ ಕಾಲುದಾರಿ. ಅದು ಒಂದು ಹಳ್ಳಕ್ಕೆ ಹೋಗುತ್ತದೆ. ಅಲ್ಲಿಯೂ ಊರಿದ್ದ ಜಾಗದ ಗುರುತಾಗಿ ಪೊದೆಗಳ ನಡುವೆ ಪೀಚ್ ಮರಗಳು ಇನ್ನೂ ನಿಂತಿವೆ. ಅಲ್ಲಿಂದ ಮುಂದೆ ಬೆಟ್ಟ ಹತ್ತುತ್ತಲೇ ಈ ಗಿಡ ನೆಲ ಮುಚ್ಚಿಕೊಂಡು ಬೆಳೆದಿದೆ.

ನಾನು ಈ ದಾರಿಯ ವಿವರವನ್ನು ಹಲವು ಸಲ ಓದಿದ್ದೇನೆ. ಒಂದು ಹೂವಿನ ವಿಳಾಸ ಅದು. ಆ ವಿಳಾಸದ ಗುರುತುಗಳು ಯಾವುವು ನೋಡಿ: ಇಲ್ಲದಾದ ಊರು, ಬೇಟೆಗಾರರ ಕಾಲುದಾರಿ, ಯಜಮಾನರಿಲ್ಲದ ಪೀಚ್ ಮರ. ಪೀಚ್ ಅಮೆರಿಕದ ಮರವಲ್ಲ. ಸ್ಪೇನಿನವರು ತಂದದ್ದನ್ನು ಅಲ್ಲಿಯ ಜನ ತಮ್ಮದಾಗಿಸಿಕೊಂಡು ಊರೂರಿಗೆ ನೆಟ್ಟಿದ್ದರು. ಬ್ರಿಟಿಷರ ಪಡೆ 1760ರಲ್ಲಿ, ಬಂಡೆದ್ದ ವಸಾಹತುಗಳ ಪಡೆ 1776ರಲ್ಲಿ ಈ ಸೀಮೆಯ ಚೆರೊಕೀ ಊರುಗಳನ್ನು ಸುಟ್ಟಿದ್ದವು. 1777ರ ಒಪ್ಪಂದದಲ್ಲಿ ದಕ್ಷಿಣ ಕೆರೊಲಿನಾದ ಬಹುಪಾಲು ನೆಲ ಅವರ ಕೈಬಿಟ್ಟಿತು. ಮಿಷೋ ಬಂದದ್ದು ಹನ್ನೊಂದು ವರ್ಷದ ನಂತರ. ಪೀಚ್ ಮರ ಬಹುಕಾಲ ಬಾಳುವುದಲ್ಲ. ಇನ್ನೊಂದಿಪ್ಪತ್ತು ವರ್ಷಕ್ಕೆ ಆ ಗುರುತೂ ಅಳಿದಿರಬೇಕು. ಆ ಊರಿನವರು ಅಲ್ಲೇ ಉಳಿದಿದ್ದರೆ ಗ್ರೇಗೆ ನೆತ್ತಿ ಹತ್ತುವ ಕೆಲಸವಿರಲಿಲ್ಲ. ಯಾರಾದರೊಬ್ಬ ಹುಡುಗ ಹಳ್ಳದ ದಂಡೆಗೆ ಕರೆದೊಯ್ದು ತೋರಿಸುತ್ತಿದ್ದ.

ಗ್ರೇಯ ಕಡೆಗೆ ಮತ್ತೆ ಬರೋಣ. ಹೂವನ್ನು ಕಾಣದೆಯೇ ಅವನಿಗೆ ಹೂವಿನ ಬಗ್ಗೆ ತಿಳಿಯತೊಡಗಿದ್ದು ಭೂಮಿಯ ಇನ್ನೊಂದು ಮಗ್ಗುಲಿನಿಂದ. 1850ರ ದಶಕದಲ್ಲಿ ಜಪಾನಿನ ಗಿಡಗಳ ದೊಡ್ಡ ಸಂಗ್ರಹ ಅವನ ಕೈಗೆ ಬಂತು. ಅವನ್ನು ಬಿಡಿಸುತ್ತ ಹೋದ ಹಾಗೆ ವಿಚಿತ್ರ ಕಂಡಿತು: ಜಪಾನಿನ ಕಾಡಿನ ಗಿಡಗಳಿಗೆ ಹತ್ತಿರದ ನೆಂಟರು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರದೆ, ಖಂಡ ದಾಟಿ ಪೂರ್ವದ ಕಾಡುಗಳಲ್ಲಿದ್ದರು. ಆ ಹೊತ್ತಿಗೆ ಡಾರ್ವಿನ್ ತನ್ನ ಇನ್ನೂ ಪ್ರಕಟವಾಗದ ಸಿದ್ಧಾಂತದ ಸಾರವನ್ನು 1857ರ ಸೆಪ್ಟೆಂಬರಿನ ಕಾಗದದಲ್ಲಿ ಗ್ರೇಗೆ ತಿಳಿಸಿದ್ದ. 1859ರಲ್ಲಿ ಗ್ರೇ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಉತ್ತರ ಕೊಟ್ಟ: ಒಂದು ಕಾಲದಲ್ಲಿ ಉತ್ತರ ಗೋಳಾರ್ಧದುದ್ದಕ್ಕೂ ಹಬ್ಬಿದ್ದ ಒಂದೇ ಸಸ್ಯಸಮುದಾಯ ಹಿಮಯುಗದ ಚಳಿಗೆ ದಕ್ಷಿಣಕ್ಕೆ ಸರಿದು, ಒಡೆದು, ಎರಡು ಕಡೆ ಉಳಿದುಕೊಂಡಿದೆ. ದೇವರು ಒಂದೊಂದು ಗಿಡವನ್ನು ಎರಡೆರಡು ಕಡೆ ಪ್ರತ್ಯೇಕವಾಗಿ ಸೃಷ್ಟಿಸಿದ ಎಂಬ ಹಾರ್ವರ್ಡಿನ ಸಹೋದ್ಯೋಗಿ ಅಗಾಸೀಯ ವಾದಕ್ಕೆ ಇದು ನೇರ ಎದುರು.

ಶಾರ್ಟಿಯ ಈ ಮಾದರಿಗೆ ಸರಿಯಾಗಿ ಕೂತಿತು. 1860ರ ದಶಕದ ಕೊನೆಗೆ ರಷ್ಯದ ಸಸ್ಯವಿಜ್ಞಾನಿ ಮ್ಯಾಕ್ಸಿಮೊವಿಚ್ ಜಪಾನಿನ ಒಂದು ಗಿಡವನ್ನು ಸ್ಕಿಜೊಕೋಡಾನ್ ಎಂಬ ಕುಲದಲ್ಲಿಟ್ಟು ವಿವರಿಸಿದ. ಗ್ರೇ ಅದರಲ್ಲಿ ತನ್ನ ಶಾರ್ಟಿಯವನ್ನು ಗುರುತಿಸಿದ. ಮ್ಯಾಕ್ಸಿಮೊವಿಚ್ ಕೂಡ ಒಪ್ಪಿ ಹೆಸರು ಬದಲಿಸಿ ಶಾರ್ಟಿಯ ಯೂನಿಫ್ಲೋರ ಎಂದ. ಹೀಗೆ ಅಮೆರಿಕದ ಗಿಡದ ಹೂ ಹೇಗಿರಬೇಕೆಂದು ಜಪಾನಿನ ಗಿಡ ಹೇಳಿಕೊಟ್ಟಿತು. 1870ರಲ್ಲಿ ಗ್ರೇ, ಶಾರ್ಟಿಯ, ಗೇಲಾಕ್ಸ್, ಡಯಾಪೆನ್ಸಿಯ ಮೊದಲಾದವನ್ನು ಸೇರಿಸಿ ಡಯಾಪೆನ್ಸಿಯೇಸಿ ಕುಟುಂಬವನ್ನು ಹೊಸದಾಗಿ ಕಟ್ಟಿದ. ಸಣ್ಣ ಕುಟುಂಬ, ಹೆಚ್ಚಿನವರು ತಣ್ಣನೆ ನಾಡುಗಳಲ್ಲಿ. ಚೀನಾ, ತೈವಾನುಗಳಲ್ಲೂ ಶಾರ್ಟಿಯದ ಪ್ರಭೇದಗಳಿವೆ. ಭಾರತದಲ್ಲೂ ಇದರ ನೆಂಟರೊಬ್ಬರಿದ್ದಾರೆ: ಸಿಕ್ಕಿಮಿನ ಎತ್ತರದಲ್ಲಿ ಬಂಡೆಗಂಟಿಕೊಂಡು ಬೆಳೆಯುವ ಡಯಾಪೆನ್ಸಿಯ ಹಿಮಾಲೈಕ. ಅದಕ್ಕೆ ಹೆಸರಿಟ್ಟವರಲ್ಲೊಬ್ಬ ಗ್ರೇಯ ಗೆಳೆಯ ಜೋಸೆಫ್ ಹೂಕರ್.

ಕುಲ ಸರಿ, ಕುಟುಂಬ ಸರಿ, ಗಿಡ ಮಾತ್ರ ಇಲ್ಲ.

1877ರ ಮೇ ತಿಂಗಳಲ್ಲಿ, ಉತ್ತರ ಕೆರೊಲಿನಾದ ಮೇರಿಯನ್ ಎಂಬ ಊರಿನ ಹತ್ತಿರ ಕಟಾಬಾ ನದಿಯ ದಂಡೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನ ಕಣ್ಣಿಗೆ ಗುರುತು ಹತ್ತದ ಗಿಡವೊಂದು ಬಿತ್ತು. ಜಾರ್ಜ್ ಹಯಮ್ಸ್ ಅವನ ಹೆಸರು. ತಂದೆ ಮೊರ್ಡಿಕಾಯ್ ಹಯಮ್ಸ್, ಸ್ಟೇಟ್ಸ್‌ವಿಲ್ ಊರಿನ ವ್ಯಾಪಾರಿಗಳಿಗಾಗಿ ಔಷಧಿ ಬೇರು ಸೊಪ್ಪುಗಳನ್ನು ಸಂಗ್ರಹಿಸಿ ಕೊಡುವ ಕೆಲಸದಲ್ಲಿದ್ದವನು. ಬೆಟ್ಟದ ಜನ ತಂದು ಹಾಕುವ ಜಿನ್‌ಸೆಂಗ್ ಮತ್ತಿತರ ನಾರುಬೇರುಗಳ ಬಹುದೊಡ್ಡ ಮಂಡಿ ಅದು. ಗಿಡಗಳ ಬಗ್ಗೆ ಅವನ ತಿಳಿವಳಿಕೆ ದೊಡ್ಡದು, ಆದರೆ ಇದು ಅವನಿಗೂ ಹೊಳೆಯಲಿಲ್ಲ. ಒಂದು ವರ್ಷಕ್ಕೂ ಮಿಕ್ಕಿ ಅದು ಅವನ ಬಳಿಯೇ ಇತ್ತು. 1878ರಲ್ಲಿ ರೋಡ್ ಐಲಂಡಿನ ಜೋಸೆಫ್ ಕಾಂಗ್ಡನ್ ಎಂಬ ಸಸ್ಯಾಸಕ್ತನಿಗೆ ಕಳಿಸಿದ. ಕಾಂಗ್ಡನ್ ಗ್ರೇಗೆ ಬರೆದ: ಇದು ಶಾರ್ಟಿಯ ಇರಬಹುದೇ?

ಮಾದರಿ ಕೈಗೆ ಬಂದಾಗ ಗ್ರೇಗೆ 67 ವರ್ಷ. ಕಟ್ಟು ಬಿಚ್ಚಿ ಮೂವತ್ತೊಂಬತ್ತು ವರ್ಷ ಕಳೆದಿತ್ತು. ಬೈಬಲ್ಲಿನ ವೃದ್ಧ ಸಿಮೆಯೋನ, ಕಾಣಬೇಕಾದ್ದನ್ನು ಕಂಡೆ, ಇನ್ನು ನನ್ನನ್ನು ಕಳಿಸಿಕೊಡು ಎಂದು ದೇವರಿಗೆ ಹೇಳುವ ಮಾತನ್ನು ನೆನೆದು ಉತ್ತರ ಬರೆದನಂತೆ. ಈ ಸಲ ಹೂವೂ ಇತ್ತು. ಒಳಗಿನ ರಚನೆ ಅವನು ಜಪಾನಿನ ಗಿಡದಿಂದ ಊಹಿಸಿದ ಹಾಗೇ ಇತ್ತು. ಮರುವರ್ಷ ಹೆಂಡತಿಯನ್ನೂ ಮೂವರು ಸಸ್ಯವಿಜ್ಞಾನಿಗಳನ್ನೂ ಕಟ್ಟಿಕೊಂಡು ರೈಲು ಹತ್ತಿ ಮೇರಿಯನ್ನಿಗೆ ಹೋಗಿ, ನದಿಯ ದಂಡೆಯ ಆ ಸಣ್ಣ ಗುಂಪನ್ನು ಕಣ್ಣಾರೆ ಕಂಡ. ಹೂವಿನ ಕಾಲ ಆಗಲೇ ಮುಗಿದಿತ್ತು.

ಆದರೆ ಮೇರಿಯನ್ನಿಗೂ ಮಿಷೋ ಅಲೆದ ಕಿಯೋವೀ ತಲೆಗೂ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಹಾಗಾದರೆ ಮಿಷೋನ ಜಾಗ ಎಲ್ಲಿ? ಗ್ರೇಯ ಜೊತೆ 1879ರಲ್ಲಿ ಹೋಗಿದ್ದವರಲ್ಲೊಬ್ಬ, ಹಾರ್ವರ್ಡಿನ ಅರ್ನಾಲ್ಡ್ ವೃಕ್ಷೋದ್ಯಾನದ ಚಾರ್ಲ್ಸ್ ಸಾರ್ಜೆಂಟ್, 1886ರ ಶರತ್ಕಾಲದಲ್ಲಿ ಮಿಷೋ ವಿವರಿಸಿದ ಬೇರೊಂದು ಗಿಡ, ಹಳದಿ ಹೂವಿನ ಮ್ಯಾಗ್ನೋಲಿಯವೊಂದನ್ನು ಹುಡುಕಿಕೊಂಡು ಕಿಯೋವೀ ಕಡೆಗೆ ಹೋದ. ಅಂದು ಕಿತ್ತು ತಂದದ್ದರಲ್ಲಿ ಒಂದು ಎಲೆ ಯಾವುದೆಂದು ತಿಳಿಯಲಿಲ್ಲ. ನೋಡಿದರೆ ಅದೇ ಶಾರ್ಟಿಯ. ಮಿಷೋ ಬಂದು ಹೋದ ತೊಂಬತ್ತೆಂಟು ವರ್ಷಕ್ಕೆ, ಹೆಚ್ಚುಕಡಿಮೆ ಮಿಷೋ ನಿಂತಲ್ಲೇ. ಸಣ್ಣ ಗುಂಪಲ್ಲ, ತೊರೆಗಳುದ್ದಕ್ಕೂ ಎಕರೆಗಟ್ಟಲೆ. ಗ್ರೇ 1888ರ ಜನವರಿಯಲ್ಲಿ ತೀರಿಕೊಂಡ. ಮುಂದಿನ ವಸಂತಗಳಲ್ಲಿ ನರ್ಸರಿಗಳಿಗೆಂದು ಆ ಗಿಡವನ್ನು ಬುಡಸಮೇತ ಅಗೆದು ಸಾಗಿಸತೊಡಗಿದರು. ಅರ್ಧ ಶತಮಾನ ಸಿಗದೇ ಇದ್ದದ್ದಕ್ಕೆ ಬೆಲೆ ಬಂದಿತ್ತು.

ಅಗೆದದ್ದರಿಂದ ಅದು ನಾಶವಾಗಲಿಲ್ಲ. ಹಾರ್ಸ್‌ಪಾಶ್ಚರ್, ಟಾಕ್ಸವೇ, ವೈಟ್‌ವಾಟರ್ ತೊರೆಗಳ ಕಣಿವೆಗಳಲ್ಲಿ ಅಷ್ಟು ಹೇರಳವಾಗಿತ್ತು. ಹೊಡೆತ ಬಿದ್ದದ್ದು 1973ರಲ್ಲಿ. ವಿದ್ಯುತ್ತಿಗಾಗಿ ಕಟ್ಟಿದ 385 ಅಡಿ ಎತ್ತರದ ಜೊಕಾಸಿ ಅಣೆಕಟ್ಟಿನ ಹಿಂದೆ ನೀರು ನಿಂತು ಸುಮಾರು 7,500 ಎಕರೆಯ ಸರೋವರವಾಯಿತು. ಕಣಿವೆಯ ತಳದಲ್ಲಿ, ತೊರೆಯ ಮಗ್ಗುಲಲ್ಲೇ ಬೆಳೆಯುವ ಗಿಡಕ್ಕೆ ಇದಕ್ಕಿಂತ ಕೆಟ್ಟದ್ದು ಆಗುವಂತಿರಲಿಲ್ಲ. ಜಗತ್ತಿನಲ್ಲಿದ್ದ ಈ ಗಿಡದ ಅರ್ಧಕ್ಕೂ ಹೆಚ್ಚು ಅಂದು ಮುಳುಗಿತೆಂದು ಬಲ್ಲವರು ಅಂದಾಜಿಸುತ್ತಾರೆ. ಹತ್ತು ವರ್ಷ ಬಿಟ್ಟು ಝಾನರ್ ಮತ್ತು ಜೋನ್ಸ್ ಎಂಬಿಬ್ಬರು ಮಿಷೋನ ದಿನಚರಿಯ ಸಾಲು ಹಿಡಿದು ಆ ಮೂಲಸ್ಥಳ ಯಾವುದೆಂದು ತೀರ್ಮಾನಿಸುವ ಲೇಖನ ಬರೆದರು. ಎರಡು ತೊರೆ ಕೂಡುವ ಬಯಲು, ಕಾಲುದಾರಿ, ಪೀಚ್ ಮರಗಳಿದ್ದ ಹಳ್ಳ ಎಲ್ಲವೂ ನೀರಿನಡಿಗೆ ಹೋಗಿತ್ತು. ಅದಕ್ಕೂ ಸ್ವಲ್ಪ ಮುಂಚೆ, ಕೆಳಗಿನ ಇನ್ನೊಂದು ಅಣೆಕಟ್ಟಿನಿಂದಾಗಿ ಚೆರೊಕೀಗಳ ಮುಖ್ಯ ಊರಾದ ಕಿಯೋವೀಯ ನೆಲವೂ ಮುಳುಗಿತ್ತು.

ಜೊಕಾಸಿ ಎಂದರೆ ಚೆರೊಕೀ ಭಾಷೆಯಲ್ಲಿ ಕಳೆದುಹೋದವಳ ತಾಣ ಎಂದು ಅಲ್ಲಿ ದೋಣಿ ಬಾಡಿಗೆ ಕೊಡುವವರು ಒಂದು ಪ್ರೇಮಕಥೆಯ ಸಮೇತ ಹೇಳುತ್ತಾರೆ. ಇಷ್ಟು ಅನುಕೂಲವಾದ ಅರ್ಥವನ್ನು ನಂಬಲು ನನಗೆ ಹಿಂಜರಿಕೆ. ಊರು ಮುಳುಗಿದ ಮೇಲೆ ಹೆಸರಿಗೆ ಕತೆ ಕಟ್ಟುವವರು ಎಲ್ಲ ಕಡೆಯೂ ಇರುತ್ತಾರೆ. ನಾನು ನಡೆದ ಕಾಲುದಾರಿ ನೀರಿನ ಗೆರೆಗಿಂತ ಮೇಲಿನದು. ಅಂದರೆ ಅಲ್ಲಿರುವವು ಅಂಚಿಗೆ ಸೇರಿದ ಗಿಡಗಳು, ದಟ್ಟವಾಗಿದ್ದವು ಕೆಳಗೆ.

ವರ್ಗೀಕರಣದ ಕತೆ ಇಲ್ಲಿಗೂ ಮುಗಿಯಲಿಲ್ಲ. 1952ರಲ್ಲಿ ಡೇವಿಸ್ ಎಂಬ ಸಸ್ಯವಿಜ್ಞಾನಿ ಉತ್ತರದ ಮೇರಿಯನ್ ಸೀಮೆಯ ಗಿಡಗಳನ್ನೂ ದಕ್ಷಿಣದ ಕಿಯೋವೀ ಸೀಮೆಯ ಗಿಡಗಳನ್ನೂ ಅಳೆದು ನೋಡಿ, ಉತ್ತರದ ಹೂವಿನ ಶಲಾಕೆ ಗಿಡ್ಡ ಎಂದು ತೋರಿಸಿ, ಅದನ್ನು ಬ್ರೆವಿಸ್ಟೈಲ ಎಂಬ ಉಪಭೇದವಾಗಿ ಹೆಸರಿಸಿದ್ದ. ಕೆಲವು ಮಿಲಿಮೀಟರುಗಳ ಮಾತು. ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. 2019ರಲ್ಲಿ ಗ್ಯಾಡಿ ಎಂಬುವರ ಮುಂದಾಳತ್ವದ, ಜಪಾನಿನ ವಿಜ್ಞಾನಿಗಳೂ ಇದ್ದ ತಂಡ, ಅದನ್ನು ಪ್ರತ್ಯೇಕ ಪ್ರಭೇದದ ದರ್ಜೆಗೆ ಏರಿಸಿತು: ಶಾರ್ಟಿಯ ಬ್ರೆವಿಸ್ಟೈಲ. ಕಟಾಬಾ ನದಿಯ ತಲೆಯ ಸಣ್ಣ ಸೀಮೆ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಎಲ್ಲ ಸಸ್ಯವಿಜ್ಞಾನಿಗಳೂ ಇದನ್ನು ಒಪ್ಪಬೇಕೆಂದಿಲ್ಲ; ಪ್ರಭೇದ, ಉಪಭೇದಗಳ ಜಗಳ ಬೇಗ ತೀರುವಂಥದ್ದಲ್ಲ. ಉತ್ತರದ ಚದುರಿದ ಗುಂಪುಗಳಿಗೆ ಪ್ರತ್ಯೇಕ ರಕ್ಷಣೆ ಬೇಕೆನ್ನುವವರಿಗೆ ಈ ಹೆಸರಿನಿಂದ ಬಲ ಬಂದಿದೆ ಎಂಬುದಂತೂ ಸರಿ. ಹೆಸರಿರುವುದನ್ನು ಕಾಪಾಡಿ ಎಂದು ಕೇಳುವುದು ಸುಲಭ.

ಒಪ್ಪಿದರೆ ಮಾತ್ರ ಹಳೆಯ ಕತೆಯನ್ನು ತಿರುಗಿಸಿ ಬರೆಯಬೇಕಾಗುತ್ತದೆ. ಗೆಲಾಸಿಫೋಲಿಯ ಎಂಬ ಹೆಸರು ಅಂಟಿಕೊಂಡಿರುವುದು ಮಿಷೋನ ಹಾಳೆಗೆ, ಅಂದರೆ ದಕ್ಷಿಣದ ಕಿಯೋವೀ ಗಿಡಕ್ಕೆ. ಗ್ರೇ 1878ರಲ್ಲಿ ಕೈಯಲ್ಲಿ ಹಿಡಿದು ಸಿಮೆಯೋನನನ್ನು ನೆನೆದದ್ದು, ಮುಪ್ಪಿನಲ್ಲಿ ರೈಲು ಹತ್ತಿ ಹೋಗಿ ಕಣ್ಣಾರೆ ಕಂಡದ್ದು ಮೇರಿಯನ್ನಿನ ಗಿಡವನ್ನು. ತಾನು ಹೆಸರಿಟ್ಟದ್ದನ್ನು ಅವನು ಕಂಡೇ ಇರಲಿಲ್ಲ ಎಂದಾಗುತ್ತದೆ. ಮಿಷೋನ ಗಿಡ ಮತ್ತೆ ಸಿಕ್ಕಿದ್ದು 1877ರಲ್ಲಲ್ಲ, 1886ರಲ್ಲಿ. ಜಾರ್ಜ್ ಹಯಮ್ಸ್‌ನ ಲೆಕ್ಕವೂ ಬದಲಾಗುತ್ತದೆ. ನೂರನಲವತ್ತು ವರ್ಷ ಅವನನ್ನು ಇನ್ನೊಬ್ಬರ ಗಿಡವನ್ನು ಅಕಸ್ಮಾತ್ತಾಗಿ ಮರುಶೋಧಿಸಿದ ಹುಡುಗ ಎಂದು ಒಂದು ಸಾಲಿನಲ್ಲಿ ಮುಗಿಸುತ್ತ ಬಂದರು. ಅವನು ಕಿತ್ತದ್ದು ಅಲ್ಲಿಯವರೆಗೆ ಯಾವ ಹರ್ಬೇರಿಯಂನಲ್ಲೂ ಇಲ್ಲದ ಪ್ರಭೇದ. ಹೊಸ ಹೆಸರಿನಲ್ಲಿ ಅವನಿಲ್ಲ. ನಾಮಕರಣದ ನಿಯಮ ಡೇವಿಸ್‌ನ ಹಳೆಯ ಪದವನ್ನೇ ಉಳಿಸಿಕೊಳ್ಳಲು ಅವಕಾಶ ಕೊಡುತ್ತದೆ, ತಂಡ ಹಾಗೇ ಮಾಡಿದೆ. ಬ್ರೆವಿಸ್ಟೈಲ ಎಂದರೆ ಗಿಡ್ಡ ಶಲಾಕೆಯದು ಎಂದಷ್ಟೇ.